ಎಂಟು ಜನ ಕಲಿತ ಒಂದೇ ಒಂದು ಕನ್ನಡ ಪದ

ಸವದತ್ತಿ ಹತ್ತಿರದ ಒಂದು ಹಳ್ಳಿ. ಅಲ್ಲಿನ ಅಂಗನವಾಡಿ ಟೀಚರ್ ಶಿವಲೀಲಾ.

ಅವರ ಗಂಡ ಈರಬಸಪ್ಪ ಸೈನ್ಯದ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಆಫ್ರಿಕಾದ ಒಂದು ದೇಶಕ್ಕೆ ಹೋದವರು... ತಿರುಗಿ ಬಂದದ್ದು ಪೆಟ್ಟಿಗೆಯಲ್ಲಿ.

ಹಾವು ಕಚ್ಚಿತ್ತಂತೆ. ಮನೆಯವರಿಗೆ ಗೊತ್ತಾಗಿದ್ದು ಅಷ್ಟೇ.

"ಗಡ್ಯಾಗ ಸತ್ತಿದ್ರ ಒಂದು ಮಾತು. ಯಾರದೋ ದನಕ್ಕ ಸೂಜಿ ಮಾಡಾಕ ಹೋಗಿ ಸತ್ರು... ಇದಕ್ಕೇನರ ಅರ್ಥ ಐತೇನು?"

ಐದು ವರ್ಷ ಶಿವಲೀಲಾ ಎಲ್ಲರ ಹತ್ತಿರ ಇದನ್ನೇ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ತುಂಬಾ ಎತ್ತರದ, ಕಪ್ಪು ಮೈಬಣ್ಣದ ಯುವಕನೊಬ್ಬ ಅಂಗನವಾಡಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ.

"ಅಕ್ಕಾರ, ನನ್ನ ಹೆಸರು ಮಜೋಕ್. ಎರಡು ವರ್ಷದಿಂದ ಧಾರವಾಡದಾಗ ಅಗ್ರಿ ಓದ್ತೀನಿ. ಈರಬಸಪ್ಪ ಸರ್... ನಮ್ಮ ಊರಿಗೆ ಬಂದಿದ್ರು. ಅವರ ಮನಿ ಕೇಳಿಕೋತ ಬಂದೆ."

ಕಸ ಗುಡಿಸುತ್ತಿದ್ದ ಶಿವಲೀಲಾ ಹಾಗೇ ನಿಂತುಬಿಟ್ಟರು.

ಅವನು ತಡವರಿಸುತ್ತಾ ಹೇಳಿದ...

ಅವನ ಊರಿಗೂ ಪಕ್ಕದ ಊರಿಗೂ ದನಗಳ ವಿಷಯಕ್ಕೆ ಹಗೆ. ಮಾತೆತ್ತಿದರೆ ಗುಂಡು. ಎರಡೂ ಕಡೆ ಹೆಣ ಬೀಳುತ್ತಿದ್ದವು.

ಈರಬಸಪ್ಪ ಎರಡು ಊರುಗಳ ನಡುವೆ ಟೆಂಟ್ ಹಾಕಿದರು. ಯಾರ ದನ ಬಂದರೂ ನೋಡುತ್ತೇನೆ, ಬಂದೂಕು ಮಾತ್ರ ದೂರ ಇಟ್ಟು ಬನ್ನಿ ಅಂದರು.

ಮೊದಮೊದಲು ಯಾರೂ ಬರಲಿಲ್ಲ. ಬರುಬರುತ್ತಾ ವೈರಿಗಳೇ ಒಂದೇ ಸಾಲಿನಲ್ಲಿ ದನ ಹಿಡಿದು ನಿಲ್ಲತೊಡಗಿದರು.

ಆಗಲೇ ಒಂದು ದಿನ ಅವರಿಗೆ ಹಾವು ಕಚ್ಚಿತು. ಜೀಪು ಕೆಸರಿನಲ್ಲಿ ಹೂತಿತ್ತು. ಡ್ರೈವರ್ ಸಹಾಯ ತರಲು ಶಾಂತಿಪಡೆಯ ಕ್ಯಾಂಪಿನತ್ತ ಓಡಿದ.

ಈರಬಸಪ್ಪನವರನ್ನು ಮಂಚದ ಮೇಲೆ ಮಲಗಿಸಿ ಎಂಟು ಜನ ಹೆಗಲು ಕೊಟ್ಟರು. ನಾಲ್ವರು ಈ ಊರಿನವರು, ನಾಲ್ವರು ಆ ಊರಿನವರು. ಅವರಲ್ಲಿ ಮಜೋಕ್ ಒಬ್ಬ.

"ಏಳು ತಾಸು ನಡದ್ವಿ ಅಕ್ಕಾರ. ಸರ್‌ಗೆ ನಮ್ಮ ಭಾಷೆ ಸ್ವಲ್ಪ ಬರ್ತಿತ್ತು. ವಿಷ ಏರಿದ ಮ್ಯಾಲೆ ಅದೂ ಬರಲಿಲ್ಲ... ಕೈ ಎತ್ತಾಕೂ ಆಗಲಿಲ್ಲ. ಒಂದೇ ಮಾತು ಹೇಳ್ತಿದ್ರು. ನಿಮ್ಮ ದೇವರ ಹೆಸರು ಇರಬೇಕು ಅಂತ ತಿಳಿದ್ವಿ. ಅವರಿಗೆ ಧೈರ್ಯ ಬರಲಿ ಅಂತ ನಾವು ಎಂಟೂ ಮಂದಿ ಅದನ್ನೇ ಹೇಳಿದ್ವಿ... ಜೋರಾಗಿ... ದಾರಿ ಉದ್ದಕ್ಕೂ... ಕ್ಯಾಂಪ್ ಕಾಣಿಸ್ತು. ಅಷ್ಟರಾಗ ಸರ್ ಹೋಗಿದ್ರು."

"ಯಾವ ಮಾತು?"

ಮಜೋಕ್ ತಲೆ ತಗ್ಗಿಸಿದ.

"ನೀರು."

ಶಿವಲೀಲಾ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟರು.

"ಧಾರವಾಡಕ್ಕೆ ಬಂದ ಮೊದಲನೇ ದಿನ, ಹಾಸ್ಟೆಲ್‌ನಾಗ ಊಟಕ್ಕ ಕುಂತಿದ್ದೆ. ಬಡಿಸೋರು ಜಗ್ ಹಿಡಿದು 'ನೀರು ಬೇಕಾ?' ಅಂದ್ರು. ಅವತ್ತು ಗೊತ್ತಾತು... ನಮ್ಮ ಸೊಂಟದಾಗ ನೀರಿನ ಬಾಟಲಿ ಇತ್ತು ಅಕ್ಕಾರ. ಎಂಟೂ ಮಂದಿ ಹತ್ರ ಇತ್ತು..."

ಅವನು ಹೊಸ್ತಿಲ ಆಚೆ ಮಂಡಿಯೂರಿ ಕೂತು ಅಳತೊಡಗಿದ.

ಶಿವಲೀಲಾ ಮಕ್ಕಳು ಕೂರುವ ಚಾಪೆಯ ಮೇಲೆ ಕುಸಿದು ಕೂತರು. ಪೆಟ್ಟಿಗೆ ಬಂದ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು...

"ಉಳಿದ ಏಳು ಮಂದಿಗೆ ಇದು ಗೊತ್ತೈತೇನು?"

"ಇಲ್ಲ ಅಕ್ಕಾರ. ಈಗಲೂ ಎರಡು ಊರಿಗೆ ಜಗಳ ಶುರು ಆದ್ರ ಅವರು ನಡುವೆ ಹೋಗಿ ನಿಂತು ಅದೇ ಮಾತು ಹೇಳ್ತಾರ. ಅದು ಸರ್ ದೇವರ ಹೆಸರು ಅಂತ ಎಲ್ಲರೂ ಬಂದೂಕು ಇಳಸ್ತಾರ. ಐದು ವರ್ಷ ಆತು... ಒಂದು ಗುಂಡೂ ಹಾರಿಲ್ಲ. ರಜಾಕ್ಕ ಹೋದಾಗ ನಿಜ ಹೇಳಬೇಕು ಅಂತ ಮಾಡೀನಿ."

ಶಿವಲೀಲಾ ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು.

"ಹೇಳಬ್ಯಾಡ ತಮ್ಮಾ... ಅವರಿಗೆ ಹೇಳಬ್ಯಾಡ. ದೇವರ ಹೆಸರು ಅಂತನ ಇರ್ಲಿ."

*

*ದೂರದ ಯಾವುದೋ ನಾಡಿನ ಶಾಂತಿಗೆ, ಎಲ್ಲೋ ಒಂದು ಸಣ್ಣ ಊರಿನ ಮನೆ ತನ್ನವರನ್ನೇ ಕೊಟ್ಟಿರುತ್ತದೆ.*

ನಮ್ಮ ಭಾಷೆ ಬಾರದ ಒಬ್ಬರು ನಮ್ಮ ಪಕ್ಕದಲ್ಲೇ ಏನೋ ಕೇಳುತ್ತಿರುತ್ತಾರೆ... ಅದೇನೆಂದು ತಿಳಿಯಲು ನಾವು ಎಂದಾದರೂ ಒಂದು ನಿಮಿಷ ನಿಂತಿದ್ದೇವಾ?