ಒಂದು ಜೊತೆ ತೋಳು

"ಹೆದರಬೇಡಿ. ಕತ್ತರಿ ತಗೊಳ್ಳಿ," ಎಂದ ಅಧಿಕಾರಿ.

ಹೆದರಬೇಡಿ ಎನ್ನುವವನ ಕೈಯಲ್ಲೇ ಮೊಹರು ಇದ್ದರೆ ಯಾರಿಗೆ ತಾನೆ ಹೆದರಿಕೆಯಾಗುವುದಿಲ್ಲ? ಹುಡುಗಿ ಮೇಜಿನತ್ತ ಒಂದು ಹೆಜ್ಜೆ ಇಟ್ಟಳು. ಮೇಜಿನ ಮೇಲೆ ಒಂದು ಮಗ್ಗುಲಿಗೆ ಮಾತ್ರ ಹೊಳಪಿದ್ದ ಕಪ್ಪು ಬಟ್ಟೆ, ತೋಳಿನ ಆಕಾರದ ದಪ್ಪ ಕಾಗದ, ಚಾಕ್. ಕೋಟಿಗೆ ಒಂದು ಜೊತೆ ತೋಳು ಕತ್ತರಿಸಿಕೊಡಬೇಕು, ಅಷ್ಟೇ ಕೆಲಸ. ಬಟ್ಟೆಯನ್ನೂ ಅಧಿಕಾರಿಯೇ ತಂದಿದ್ದ. ಮಾಲೀಕರನ್ನು ನಂಬುವ ಜಾಯಮಾನ ಅವನದಲ್ಲ.

ವ್ಯಾಪಾರ ನೆಲಕಚ್ಚಿದ ಮೇಲೆ ನಿಯಮ ಬಿಗಿಯಾಗಿತ್ತು. ಊರಿನವರಿಗೇ ಕೆಲಸವಿಲ್ಲ, ಹೊರದೇಶದವರನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಸರ್ಕಾರ ಮಾಲೀಕರನ್ನು ಕೇಳುತ್ತಿತ್ತು. ಊರಲ್ಲಿ ಸಿಗದ ಕೈಕೆಲಸವಾದರೆ ಸರಿ, ವೀಸಾ ಮುಂದುವರಿಯುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಬಾಯಿಮಾತು ಸಾಲದು, ಅಧಿಕಾರಿಯ ಕಣ್ಣೆದುರೇ ಪರೀಕ್ಷೆ ಆಗಬೇಕು. ಪಕ್ಕದ ಬೀದಿಯಲ್ಲಿ ಪರೀಕ್ಷೆಯ ನಾಟಕವಾಡಿದ ಅಂಗಡಿಯೊಂದಕ್ಕೆ ಬೀಗ ಬಿದ್ದಿತ್ತು. ಅಲ್ಲಿನ ಕೆಲಸಗಾರರನ್ನು ಉಟ್ಟ ಬಟ್ಟೆಯಲ್ಲೇ ವಿಮಾನ ಹತ್ತಿಸಿದ್ದರು.

ಅದು ನೆನಪಾಗಿ ಹುಡುಗಿ ಎತ್ತಿಕೊಂಡ ಚಾಕನ್ನು ಮತ್ತೆ ಕೆಳಗಿಟ್ಟಳು. ಮನೆ ಉಳಿಯುತ್ತದೋ ಒಡೆಯುತ್ತದೋ, ಇನ್ನು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗಿಬಿಡುತ್ತದೆ. ದೇವರೇ, ಇದೊಂದು ಸಲ ಈ ಕೈ ನನ್ನ ಮಾತು ಕೇಳಲಿ.

ಮೇಜಿನ ಆಚೆ ಕತ್ತರಿಯಮ್ಮ ನಿಂತಿದ್ದಳು. ಕೋಟಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರಿಗೆಲ್ಲ ಹಿರಿಯಳು. ಅವಳ ಕತ್ತರಿಗಿಂತ ನಾಲಿಗೆಯೇ ಹರಿತ ಎಂದು ಹೊಲಿಗೆಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಧೈರ್ಯ ಮಾಲೀಕನಿಗೂ ಇರಲಿಲ್ಲ. ಅವನು ಮೂಲೆಯಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದ. ಕತ್ತರಿಯಮ್ಮ ಹುಡುಗಿಯ ಮುಖ ನೋಡಲೇ ಇಲ್ಲ.

ಅಧಿಕಾರಿ ಹುಡುಗಿಯ ಹೆಸರು ಓದಿಕೊಂಡ. ಅಪ್ಪ ಬಿಟ್ಟುಹೋದದ್ದು ಈ ಊರಿನ ಆ ಮನೆತನದ ಹೆಸರೊಂದನ್ನೇ. ಅದಾದರೂ ಇವತ್ತು ಪ್ರಶ್ನೆಯಿಲ್ಲದೆ ದಾಟಿತು. ಆಮೇಲೆ ಅವನ ಕಣ್ಣು ಅವಳ ಬಲಗೈ ಮೇಲೆ ಬಿತ್ತು.

"ಹೆಬ್ಬೆರಳಿಗೆ ಏನಾಗಿದೆ?"

"ಏನಿಲ್ಲ ಸರ್. ಚಿಕ್ಕಂದಿನಿಂದ ಹಾಗೇ ಗಂಟು ಕಟ್ಟಿದೆ."

"ಕೆಲಸಕ್ಕೇನೂ ತೊಂದರೆ ಇಲ್ಲ ತಾನೇ?"

"ಇಲ್ಲ ಸರ್."

ಕತ್ತರಿಯಮ್ಮ ಹೆಬ್ಬೆರಳು ಮಡಚಿ ತನ್ನ ಬಲಗೈಯನ್ನು ಸದ್ದಿಲ್ಲದೆ ಏಪ್ರನ್ ಜೇಬಿಗೆ ಇಳಿಬಿಟ್ಟಳು.

ಹುಡುಗಿ ಹೊಳಪು ಮೇಲೆ ಬರುವಂತೆ ಬಟ್ಟೆ ಹಾಸಿದಳು. ಕಾಗದ ಇಟ್ಟು ಗೆರೆ ಎಳೆದಳು. ಕತ್ತರಿ ಬಟ್ಟೆಗೆ ತಾಗಿದ್ದೇ ತಡ, ಕೈ ತಾನಾಗಿ ಓಡತೊಡಗಿತು. ಅವಳು ಬೆಚ್ಚಿ ತಡೆದಳು.

"ನಿಧಾನ," ಎಂದಳು ಕತ್ತರಿಯಮ್ಮ. "ಅವಸರ ಮಾಡಿದ್ರೆ ಎಲ್ಲಾ ಕೆಟ್ಟುಹೋಗುತ್ತೆ."

"ನೀವು ಹೇಳಿಕೊಡೋ ಹಾಗಿಲ್ಲ," ಎಂದು ಅಧಿಕಾರಿ ಗದರಿದ.

ಮೊದಲ ತೋಳು ಮುಗಿಯಿತು. ಎರಡನೆಯದಕ್ಕೆ ಕಾಗದ ಇಟ್ಟಳು. ಗೆರೆ ಎಳೆದಳು. ಕಣ್ಣು ಮಂಜಾಯಿತು. ಹಣೆಯ ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಹೇಗೋ ಕತ್ತರಿಸಿ ಮುಗಿಸಿದಳು.

ಕತ್ತರಿಯಮ್ಮ ಎರಡನ್ನೂ ಎತ್ತಿ ಪಕ್ಕಪಕ್ಕ ಇಟ್ಟಳು. ಎರಡೂ ಒಂದೇ ಕಡೆಗೆ ಬಾಗಿದ್ದವು.

"ಎರಡೂ ಎಡಗೈದು!" ಅವಳ ದನಿ ನಡುಗಿತು. "ಎರಡನೇ ಸಲ ಕಾಗದ ಮಗುಚಿ ಹಾಕಬೇಕು ಅಂತಾನೂ ಗೊತ್ತಿಲ್ವಾ? ಯಾರಮ್ಮ ನಿನಗೆ ಕತ್ತರಿ ಹಿಡಿಯೋದು ಕಲಿಸಿದ್ದು?"

"ನಮ್ಮಮ್ಮ."

"ಪಾಪ. ಅವರ ಮಾನ ಮೂರು ಕಾಸಿಗೆ ಹರಾಜಾಯ್ತು."

ಅಧಿಕಾರಿ ಅವಳನ್ನೂ ಇವಳನ್ನೂ ಬಹಳ ಹೊತ್ತು ದಿಟ್ಟಿಸಿದ.

"ಇಷ್ಟು ದೊಡ್ಡ ತಪ್ಪು ಹೇಗಾಯ್ತು?"

"ಭಯ ಆಯ್ತು ಸರ್." ಅದಂತೂ ನಿಜವೇ ಆಗಿತ್ತು. ಹುಡುಗಿಯ ಕಣ್ಣೀರು ತಡೆಯಲಿಲ್ಲ.

"ಸರಿ. ನೀವಿನ್ನು ಹೋಗಬಹುದು."

ಹುಡುಗಿ ಮೆಟ್ಟಿಲು ಇಳಿಯತೊಡಗಿದಳು. ಅರ್ಧಕ್ಕೇ ನಿಂತು ಕಿವಿಗೊಟ್ಟಳು. ಮೇಲಿನಿಂದ ಅಧಿಕಾರಿಯ ದನಿ ಕೇಳಿಸುತ್ತಿತ್ತು. ಅವನು ಮಾಲೀಕನಿಗೆ ಹೇಳುತ್ತಿದ್ದ.

"ಊರಿನವರಲ್ಲಿ ಕೆಲಸ ಇಲ್ಲದ ಹುಡುಗೀನ ನಾವೇ ಆರಿಸಿ ಕಳಿಸಿದ್ದು. ಅವಳಿಗೆ ಈ ಕೆಲಸ ಬರಲ್ಲ, ಕಣ್ಣಾರೆ ನೋಡಿದ್ದಾಯ್ತು. ಹೊರದೇಶದವರಾದ್ರೂ ಚಿಂತೆಯಿಲ್ಲ, ಈ ಕತ್ತರಿಯಮ್ಮನ್ನೇ ಇಟ್ಕೊಳ್ಳಿ."

ಮೊಹರು ಠಪ್ಪೆಂದು ಬಿತ್ತು.

ಸಂಜೆ ಮನೆಗೆ ಬಂದು, ಬಾಗಿಲ ಚಿಲಕ ಭದ್ರಮಾಡಿದ ಮೇಲಷ್ಟೇ ಕತ್ತರಿಯಮ್ಮ ಮಗಳನ್ನು ಬಾಚಿ ತಬ್ಬಿಕೊಂಡಳು. "ಏಳು ವರ್ಷದವಳಿದ್ದಾಗಲೂ ನೀನು ಆ ತಪ್ಪು ಮಾಡಿರ್ಲಿಲ್ಲ ಕಣೇ!"