ಹಸಿ ಹೊನ್ನೆ

ತೊಟ್ಟಿಲು ಈ ಸಲವೂ ಮುಗಿದಿರಲಿಲ್ಲ. ಆಲೂರಿನ ಬಡಗಿ ಮರಿಬಸಪ್ಪನ ಪಡಸಾಲೆಗೆ ಕಾಲಿಟ್ಟ ಕೂಡಲೇ ಗಾಡಿ ಹೊಡೆಯುವ ಸುಂಕಣ್ಣನಿಗೆ ಪಿತ್ತ ನೆತ್ತಿಗೇರಿತು. ಆದೋನಿಯಿಂದ ಇದು ಮೂರನೆಯ ಸಾರಿ. ಬರಿಗಾಡಿ ತಂದರೆ ನಿನ್ನ ಕೆಲಸ ಹೋಯಿತೆಂದು ತಿಳಿ ಎಂದಿದ್ದರು ಹತ್ತಿ ಸಾವುಕಾರ ಸೋಮಶೇಖರಪ್ಪ.

ಮದುವೆಯಾಗಿ ಹನ್ನೆರಡು ವರ್ಷಕ್ಕೆ ಸಾವುಕಾರರ ಮನೆಯಲ್ಲಿ ತೊಟ್ಟಿಲ ಮಾತು ಹುಟ್ಟಿತ್ತು. ಅಮ್ಮನವರು ಹೊರಗೆ ಕಾಣುವುದೇ ಅಪರೂಪ. ಬಸುರಿ ಇರಬೇಕೆಂದು ಸುಂಕಣ್ಣ ತಾನೇ ಲೆಕ್ಕ ಹಾಕಿದ್ದ. ಗಾಡಿಗೆ ಕಮಾನು ಕಟ್ಟು, ಹುಲ್ಲು ದಪ್ಪಗೆ ಹಾಸು, ಕುಲುಕಬಾರದು ಎಂದು ಸಾವುಕಾರರು ಮೂರು ಸಲವೂ ಹೇಳಿದ್ದರು. ಹಿಡಿದು ಕೂರಲು ಆಳು ಭೀಮಕ್ಕನನ್ನೂ ಕಳಿಸಿದ್ದರು. ಎಳೆಗೂಸಿನ ತಾಯಿ ಅವಳು. ಬೇರೆ ಯಾರೂ ಸಿಗಲಿಲ್ಲವೇ ಎಂದು ಸುಂಕಣ್ಣ ದಾರಿಯುದ್ದಕ್ಕೂ ಗೊಣಗಿದ್ದ.

ಕೆಲಸವೇನೋ ನಾಜೂಕಿನದೇ. ಮರಿಬಸಪ್ಪ ತೇಗದ ಹಲಗೆಯಲ್ಲಿ ಹೊನ್ನೆ ಮರದ ಹಳದಿ ಗಿಳಿಗಳನ್ನು ಕೂಡಿಸಿ, ರಕ್ತಚಂದನದ ಕೊಕ್ಕು, ಬೀಟೆಯ ಕಣ್ಣು ಇಟ್ಟಿದ್ದ. ಕೂದಲು ತೂರಿಸಲೂ ಸಂದಿರಲಿಲ್ಲ. ಆದರೆ ಒಂದು ಗಿಳಿ ರೆಕ್ಕೆಯುದ್ದಕ್ಕೂ ಬಿರಿದಿತ್ತು. ಹೋದ ಸಲ ಇನ್ನೊಂದು ಬಿರಿದಿತ್ತು. ಮರಿಬಸಪ್ಪ ಉಳಿಯಿಂದ ಈಗ ಬಿರಿದ ಗಿಳಿಯನ್ನು ಎಬ್ಬಿಸುತ್ತ ಕೂತಿದ್ದ. ಒಳಗಿನಿಂದ ಲೋಬಾನದ ಹೊಗೆ ಬರುತ್ತಿತ್ತು; ಮರಕ್ಕೆ ಹುಳುವೂ ಹಿಡಿದಿರಬೇಕು.

ಸುಂಕಣ್ಣ ಹೊನ್ನೆಯ ಚೂರೊಂದನ್ನು ಕೈಗೆತ್ತಿಕೊಂಡ. ಭಾರವಿತ್ತು, ತಣ್ಣಗಿತ್ತು. ಮರ ಹೇರುವವನಿಗೆ ಅಷ್ಟು ಸಾಕು. ಯುದ್ಧದ ತುಟ್ಟಿ ಕಾಲ. ಸಾವುಕಾರರು ಕೊಟ್ಟ ಒಣಮರ ಮಾರಿಕೊಂಡು ಇವನು ಹಸಿಮರ ತುಂಬುತ್ತಿದ್ದಾನೆ ಎಂದುಕೊಂಡ.

“ಇದು ಹಸಿ ಕಟ್ಟಿಗಿ. ಒಣಗಿದ್ರ ಬಿರೀತೈತಿ. ನಿನಗ ಗೊತ್ತಿಲ್ಲೇನು, ಮರಿಬಸಣ್ಣ?”

“ಗೊತ್ತೈತಿ.”

“ಮತ್ಯಾಕ ಕೂಡಿಸಿದಿ?”

ಮರಿಬಸಪ್ಪ ಮತ್ತೆ ಉಳಿ ಆಡಿಸಿದ. ಸಾವುಕಾರರು ಕೊಟ್ಟಿದ್ದ ಒಣ ಹೊನ್ನೆ ಗೋಡೆಗೆ ಒರಗಿ ಹಾಗೇ ಇತ್ತು. ಸುಂಕಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಬಿರುಕಿದ್ದರೂ ಸರಿ, ಇವತ್ತು ಒಯ್ಯುವುದೇ ಎಂದು ತೊಟ್ಟಿಲೆತ್ತಿ ಗಾಡಿಯಲ್ಲಿಟ್ಟ. ಮರಿಬಸಪ್ಪ ಅಡ್ಡ ಬರಲಿಲ್ಲ. ಉಳಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿದ. ಹೆಗಲು ಅಲುಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಒಂದು ಗಿಳಿಗಾಗಿ ಅಳುವುದನ್ನು ಕಂಡು ಸುಂಕಣ್ಣನಿಗೂ ಕೆಡುಕೆನಿಸಿತು.

ತಲೆಗೆ ಬಟ್ಟೆ ಸುತ್ತಿಕೊಂಡ ಮರಿಬಸಪ್ಪನ ಹೆಂಡತಿ ಪಂಪಮ್ಮ ಹೊರಗೆ ಬಂದು ಗಾಡಿಯ ಹತ್ತಿರ ನಿಂತಳು.

“ಮೂರು ಕೂಸು ಈ ಮನ್ಯಾಗ ಉಳೀಲಿಲ್ಲಣ್ಣ. ಬ್ಯಾರೆಯವರ ಮನ್ಯಾಗ ಬೆಳೆದ್ರ ಇದಾದ್ರೂ ಉಳೀತೈತಿ ಅಂತ ಸಾವುಕಾರ್ರಿಗೆ ಮಾತು ಕೊಟ್ಟೀವಿ, ತೊಟ್ಟಿಲು ಮುಗಿದ ದಿನ ಕಳಸ್ತೀವಿ ಅಂತ,” ಎನ್ನುತ್ತ ಆಕೆ ಸೆರಗಿನೊಳಗಿದ್ದ ತಿಂಗಳ ಕೂಸನ್ನು ಭೀಮಕ್ಕನ ಮಡಿಲಿಗೆ ಹಾಕಿದಳು.