ಬೆಲ್ಲ ನೀರು

ಅಂಗಳದ ನಳದ ಕೆಳಗೆ ಮುಸುರೆ ತಿಕ್ಕುತ್ತಿದ್ದ ನಿಂಗವ್ವ ಜೈಕಾರ ಕೇಳಿ ತಲೆ ಎತ್ತಿದಳು. ಪಕ್ಷ ಗೆದ್ದರೆ ಈ ಸಲ ಮುಖ್ಯಮಂತ್ರಿಯಾಗುವ ಸಾಹೇಬರು ಟಿವಿಯವರ ಸಮೇತ ಬಾಗಿಲಿಗೇ ಬಂದಿದ್ದರು.

“ಈ ನಳ ಹಾಕಿಸಿದವ ನಾನೇ ತಂಗಿ. ಮರತಿಯೇನು?”

“ಮರಿಯೂದು ಹ್ಯಾಂಗ್ರೀ ಯಪ್ಪಾ? ದಿನಾ ನೆನಸ್ತೀವಿ.”

“ಹಂಗಾದ್ರ ಒಂದು ತಂಬಿಗಿ ನೀರು ಕೊಡು.”

ಸಹಾಯಕ ಚಾಚಿದ ಬಾಟಲಿಯನ್ನು ಸಾಹೇಬರು ಪಕ್ಕಕ್ಕೆ ಸರಿಸಿದರು.

ಆರು ವರ್ಷದ ಮಗಳು ಏನೋ ಕೇಳಲು ಸೆರಗು ಜಗ್ಗಿದಳು. “ತಡಿ ನನ ಕೂಸ,” ಎಂದು ನಿಂಗವ್ವ ಅವಳ ತಲೆ ಸವರಿದಳು.

ಮೂರು ಮೈಲಿ ದೂರದ ಬಾವಿಯಿಂದ ಕುಡಿಯಲೆಂದು ಹೊತ್ತು ತಂದ ನೀರಿನ ಕೊಡ ಒಳಗಿತ್ತು. ನಿಂಗವ್ವ ಅದನ್ನು ಮುಟ್ಟಲಿಲ್ಲ. ಬಂದವರಿಗೆ ಬರೀ ನೀರು ಕೊಡಬಾರದೆಂದು ಬೆಲ್ಲದ ಚೂರನ್ನಷ್ಟೇ ತಂದು, ತಂಬಿಗೆಯನ್ನು ನಳಕ್ಕೆ ಹಿಡಿದಳು.

ಸಾಹೇಬರು ಕ್ಯಾಮೆರಾ ನೋಡುತ್ತಾ ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡರು. “ಅಮೃತ ಐತಿ.”

ನಿಂಗವ್ವ ಮಗಳನ್ನು ಮೈಕಿನ ಎತ್ತರಕ್ಕೆ ಎತ್ತಿಕೊಂಡಳು.

“ಈಗ ಕೇಳವ್ವ.”

“ಯವ್ವಾ, ಅಕ್ಕ ಸತ್ತದ್ದು ಇದೇ ನೀರು ಕುಡದು ಅಲ್ಲೇನು?”